ಒಂದು ಚುಕ್ಕಿ, ಎರಡು ನಕ್ಷತ್ರ

ಮೇ ತಿಂಗಳ ಕೊನೆಯ ದಿನಗಳಲ್ಲಿ ರಾಯಚೂರಿನ ಸೆಕೆ ಮನೆಯೊಳಗೆ ಮಲಗಗೊಡುವುದಿಲ್ಲ; ಜನ ಹಾಸಿಗೆ ಸುತ್ತಿಕೊಂಡು ಮಾಳಿಗೆ ಏರುತ್ತಾರೆ. ನಡುರಾತ್ರಿ ಅಂಗಾತ ಮಲಗಿ ಕಣ್ಣು ತೆರೆದರೆ, ನೆತ್ತಿಯಿಂದ ಉತ್ತರಕ್ಕೆ ಚಾಚಿದ ಕೈಯ ಒಂದು ಮುಷ್ಟಿಯಷ್ಟು ದೂರದಲ್ಲಿ, ಒಡೆದ ಬಳೆಯ ಅರ್ಧದಂತೆ ಬಾಗಿದ ಏಳು ಚುಕ್ಕಿಗಳ ಸಾಲು ಕಾಣುತ್ತದೆ. ಪಶ್ಚಿಮಕ್ಕೆ ಕಿತ್ತಳೆ ಬಣ್ಣದ ಸ್ವಾತಿ, ಪೂರ್ವಕ್ಕೆ ನೀಲಿ ಬಿಳುಪಿನ ಅಭಿಜಿತ್; ಎರಡರ ನಡುವೆ, ಸ್ವಾತಿಯ ಕಡೆಗೆ ತುಸು ವಾಲಿಕೊಂಡಂತೆ, ಈ ಉತ್ತರ ಕಿರೀಟ ಪುಂಜ. ರಾಯಚೂರು, ದೇವದುರ್ಗ, ಮಾನ್ವಿ ಮೂರೂ 16 ಡಿಗ್ರಿ ಅಕ್ಷಾಂಶದ ಆಸುಪಾಸಿನ ಊರುಗಳಾದ್ದರಿಂದ ಕಿರೀಟ ಇಲ್ಲಿ ಬಹಳ ಎತ್ತರಕ್ಕೆ ಬರುತ್ತದೆ. ಬಳೆಯ ಪೂರ್ವದ ತುದಿಯ ಹತ್ತಿರ ಟಿ ಕರೋನಾ ಬೊರಿಯಾಲಿಸ್ ಎಂಬ ಹೆಸರಿನ ಒಂದು ಚುಕ್ಕಿ ಇದೆ. ಸಾಮಾನ್ಯ ದಿನಗಳಲ್ಲಿ ಅದು ಬರಿಗಣ್ಣಿಗೆ ಕಾಣುವುದಿಲ್ಲ. ಕಣ್ಣು ಹಿಡಿಯಬಲ್ಲ ಅತಿ ಮಂದ ನಕ್ಷತ್ರಕ್ಕಿಂತಲೂ ಸುಮಾರು 40 ಪಟ್ಟು ಮಂದವಾದದ್ದು. ಸಣ್ಣ ದೂರದರ್ಶಕದಲ್ಲಿ ಅದೊಂದು ಚುಕ್ಕಿ, ಅತಿ ದೊಡ್ಡ ದೂರದರ್ಶಕದ ಚಿತ್ರದಲ್ಲೂ ಅದೊಂದೇ ಚುಕ್ಕಿ. ಆದರೂ ಖಗೋಳ ವಿಜ್ಞಾನಿಗಳು ಅದು ಎರಡು ನಕ್ಷತ್ರ ಎನ್ನುತ್ತಾರೆ: ಒಂದು ಉಬ್ಬಿದ, ತಣ್ಣಗಿನ ಕೆಂಪು ದೈತ್ಯ, ಇನ್ನೊಂದು ಭೂಮಿಯಷ್ಟೇ ಗಾತ್ರದ, ಸೂರ್ಯನಿಗಿಂತ ಹೆಚ್ಚು ತೂಕದ, ಸುಡುಬಿಸಿಯ ಶ್ವೇತ ಕುಬ್ಜ. ಇಂಥ ಜೋಡಿಗಳಿಗೆ ಸಹಜೀವಿ ನಕ್ಷತ್ರಗಳೆಂದು ಹೆಸರು. ಕಣ್ಣಿಗೆ ಒಂದಾಗಿ ಕಾಣುವುದನ್ನು ಎರಡು ಎನ್ನಲು ಆಧಾರವೇನು ಎಂಬುದೇ ಈ ಅಧ್ಯಾಯದ ಪ್ರಶ್ನೆ. ಆ ಆಧಾರ ಯಾವುದೋ ಒಂದು ಸಾಕ್ಷಿಯಲ್ಲಿಲ್ಲ, ಒಂದೊಂದನ್ನೇ ಅಲ್ಲಗಳೆಯಬಹುದಾದ ಹಲವು ಸಾಕ್ಷಿಗಳು ಒಂದೇ ಕಡೆಗೆ ಬೆರಳು ತೋರಿಸುವುದರಲ್ಲಿದೆ ಎಂಬುದು ನನ್ನ ವಾದ.

ಮೊದಲು ನೇರವಾಗಿ ನೋಡುವ ದಾರಿ ಯಾಕೆ ಮುಚ್ಚಿದೆ ಎಂಬುದನ್ನು ಲೆಕ್ಕ ಹಾಕೋಣ. ಈ ಎರಡು ನಕ್ಷತ್ರಗಳ ನಡುವಿನ ಅಂತರ ಹೆಚ್ಚುಕಡಿಮೆ ಭೂಮಿಗೂ ಸೂರ್ಯನಿಗೂ ಇರುವಷ್ಟು. ಅವು ನಮ್ಮಿಂದ ಇರುವ ದೂರ ಸುಮಾರು 3000 ಜ್ಯೋತಿರ್ವರ್ಷ. ಅಷ್ಟು ದೂರದಿಂದ ಆ ಅಂತರ ಎಷ್ಟು ಕಿರಿದಾಗಿ ಕಾಣುತ್ತದೆಂದರೆ, ರಾಯಚೂರಿನಲ್ಲಿ ನಿಂತು ನಾಲ್ಕು ಸಾವಿರ ಕಿಲೋಮೀಟರಿಗೂ ಆಚೆ ಇಟ್ಟ ಒಂದು ರೂಪಾಯಿ ನಾಣ್ಯದ ಎಡ ಅಂಚನ್ನೂ ಬಲ ಅಂಚನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಗಾಳಿಯ ಅಲುಗಾಟದ ಕೆಳಗೆ ನಿಂತ ಸಾಮಾನ್ಯ ದೂರದರ್ಶಕಕ್ಕೆ ಇದು ಆಗದ ಮಾತು. ಚಿತ್ರ ಕೈಕೊಟ್ಟಲ್ಲಿ ಬೆಳಕನ್ನೇ ಬಿಡಿಸಿ ನೋಡಬೇಕು. ಇದಕ್ಕೊಂದು ಹೋಲಿಕೆ ನಮ್ಮ ನೆಲದಲ್ಲೇ ಇದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ನಾಡನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದವು, ಎರಡು ತೊರೆಗಳ ಎಡೆಯಲ್ಲಿರುವ ನೆಲ ಎಂಬ ಅರ್ಥದಲ್ಲಿ. ದೇವದುರ್ಗದ ಗದ್ದೆಗೆ ಕೃಷ್ಣೆಯ ನೀರು, ಮಾನ್ವಿಯ ಗದ್ದೆಗೆ ತುಂಗಭದ್ರೆಯ ನೀರು. ಜಿಲ್ಲೆ ದಾಟಿ ಪೂರ್ವಕ್ಕೆ ಹೋದಮೇಲೆ ಎರಡೂ ಕೂಡುತ್ತವೆ. ಕೂಡಿದ ಕೆಳಗೆ ಒಂದು ಕೊಡ ನೀರು ತುಂಬಿಕೊಂಡವನಿಗೆ ಅದು ಬರೀ ನೀರು. ಆದರೆ ಆ ನೀರಿನಲ್ಲಿ ಕರಗಿದ ಲವಣವೇನು, ತೇಲುವ ಮಣ್ಣು ಯಾವ ಬಗೆಯದು ಎಂದು ಪರೀಕ್ಷಿಸಬಲ್ಲವರು ಅದು ಎರಡು ಬೇರೆ ನೆಲಗಳ ಮೇಲೆ ಹರಿದುಬಂದ ನೀರೆಂದು ಹೇಳಬಲ್ಲರು. ನಕ್ಷತ್ರದ ಬೆಳಕನ್ನು ಬಣ್ಣಬಣ್ಣಗಳಾಗಿ ಹರಡಿ ರೋಹಿತವಾಗಿಸಿದಾಗ ನಡೆಯುವುದೂ ಇಂಥದೇ ಪರೀಕ್ಷೆ.

1932ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಪಾಲ್ ಮೆರಿಲ್ ಮತ್ತು ಮಿಲ್ಟನ್ ಹ್ಯೂಮಸನ್ ಮೂರು ನಕ್ಷತ್ರಗಳ ರೋಹಿತದಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಆ ರೋಹಿತಗಳಲ್ಲಿ ಟೈಟಾನಿಯಂ ಆಕ್ಸೈಡ್ ಅಣುವಿನ ಅಗಲವಾದ ಕಪ್ಪು ಪಟ್ಟೆಗಳಿದ್ದವು. ಅಣು ಎಂದರೆ ಪರಮಾಣುಗಳ ಸಡಿಲ ಕೂಟ. ಶಾಖ ಏರಿದರೆ ಒಡೆದುಹೋಗುತ್ತದೆ. ಈ ಅಣು ಇಷ್ಟು ದಟ್ಟವಾಗಿ ಉಳಿದಿದೆಯೆಂದರೆ ಅಲ್ಲಿಯ ತಾಪ 3500 ಕೆಲ್ವಿನ್ ಸುಮಾರಿನದು, ಅಂದರೆ ವೃಶ್ಚಿಕದ ಜ್ಯೇಷ್ಠಾ ನಕ್ಷತ್ರದಂಥ ಕೆಂಪು, ತಣ್ಣಗಿನ ಮೈ. ಅದೇ ರೋಹಿತದಲ್ಲಿ 468.6 ನ್ಯಾನೊಮೀಟರ್ ತರಂಗಾಂತರದಲ್ಲಿ ಒಂದು ಹೊಳೆಯುವ ಗೆರೆಯೂ ಇತ್ತು. ಎರಡೂ ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ ಒಂದನ್ನು ಮರಳಿ ಹಿಡಿಯುವಾಗ ಹೊಮ್ಮುವ ಗೆರೆ ಅದು. ಹೀಲಿಯಮಿನ ಎರಡನೆಯ ಎಲೆಕ್ಟ್ರಾನನ್ನು ಕೀಳಲು 54.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಂಥ ಕಿರಣಗಳನ್ನು ಧಾರಾಳವಾಗಿ ಹೊರಡಿಸಲು ಒಂದು ಲಕ್ಷ ಡಿಗ್ರಿಯ ಹತ್ತಿರದ ಬಿಸಿ ಬೇಕು. ಕೆಂಪು ನಕ್ಷತ್ರದ ಮೈಯಿಂದ ಅಂಥ ಕಿರಣ ಬರುವುದು ಎಂದರೆ ಬೆಳದಿಂಗಳಲ್ಲಿ ರೊಟ್ಟಿ ಬೆಂದಿತು ಎಂದ ಹಾಗೆ. ತಂಪು ಮತ್ತು ಬಿಸಿ ಒಂದೇ ರೋಹಿತದಲ್ಲಿ ಕೂಡಿ ಬಾಳುತ್ತಿರುವುದನ್ನು ಕಂಡ ಮೆರಿಲ್, 1940ರ ದಶಕದ ಆರಂಭದಲ್ಲಿ, ಜೀವಶಾಸ್ತ್ರದಿಂದ ಸಹಜೀವನ ಎಂಬ ಮಾತನ್ನು ಎರವಲು ತಂದರು.

ಇಷ್ಟರಿಂದಲೇ ಎರಡು ನಕ್ಷತ್ರಗಳಿವೆ ಎಂದುಬಿಡಬಹುದೇ? ಆ ಕಾಲದ ಕೆಲವು ವಿದ್ವಾಂಸರು ಒಪ್ಪಲಿಲ್ಲ, ಮತ್ತು ಅವರ ಆಕ್ಷೇಪ ಗಟ್ಟಿಯಾದದ್ದೇ. ಒಂದೇ ನಕ್ಷತ್ರದ ಮೈ ತಣ್ಣಗಿದ್ದು ಹೊರಗಿನ ಹೊದಿಕೆ ಬಿಸಿಯಾಗಿರಬಾರದೇಕೆ? ನಮ್ಮ ಸೂರ್ಯನೇ ಹಾಗಿದ್ದಾನಲ್ಲ. ಅವನ ಮೈ 5800 ಕೆಲ್ವಿನ್ ಆದರೆ ಸುತ್ತಲಿನ ಪ್ರಭಾವಲಯ ಹತ್ತು ಲಕ್ಷ ಡಿಗ್ರಿಗೂ ಮೀರಿದ್ದು. ಇದನ್ನು ಕಣ್ಣಾರೆ ಕಾಣುವ ಅವಕಾಶ ಕನ್ನಡ ನಾಡಿಗೆ ಮತ್ತೆ ಮತ್ತೆ ಸಿಕ್ಕಿದೆ. 1868ರ ಆಗಸ್ಟ್ 18ರ ಪೂರ್ಣ ಗ್ರಹಣದಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷಲ್ ಜಮಖಂಡಿಯಲ್ಲಿ ನಿಂತು ಸೂರ್ಯನ ಅಂಚಿನ ಜ್ವಾಲೆಗಳ ರೋಹಿತ ನೋಡಿದ. 1980ರ ಫೆಬ್ರವರಿ 16ರ ಮಧ್ಯಾಹ್ನ ಚಂದ್ರನ ನೆರಳು ಕಾರವಾರದ ಕರಾವಳಿಯ ಕಡೆಯಿಂದ ಬಂದು ರಾಯಚೂರು ಜಿಲ್ಲೆಯ ಮೇಲೆ ಹಾದುಹೋಯಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಮಾನ್ವಿಯ ಪಕ್ಕದ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಬಿಡಾರ ಹೂಡಿ ಪ್ರಭಾವಲಯವನ್ನು ಅಭ್ಯಾಸ ಮಾಡಿದರು. ಅಂದು ಅಲ್ಲಿ ಕಂಡ ಮುತ್ತಿನ ಬಣ್ಣದ ಬೆಳಕು, ತಣ್ಣನೆಯ ಮೈಗೆ ಬಿಸಿಯ ಹೊದಿಕೆ ಇರಬಲ್ಲದು ಎಂಬುದಕ್ಕೆ ನೇರ ಪುರಾವೆ.

ಆದರೆ ಅದೇ ಗ್ರಹಣ ಆಕ್ಷೇಪಕ್ಕೆ ಉತ್ತರವನ್ನೂ ಕೊಡುತ್ತದೆ. ಪ್ರಭಾವಲಯವನ್ನು ನೋಡಲು ಗ್ರಹಣವೇ ಯಾಕೆ ಬೇಕಾಯಿತು? ಅದರ ಬೆಳಕು ಸೂರ್ಯನ ಮೈಯ ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲು ಮಾತ್ರ. ಅಲ್ಲಿ ತಾಪ ಹೆಚ್ಚು, ಸರಕು ಕಡಿಮೆ. ಶಾಖಕ್ಕೂ ತಾಪಕ್ಕೂ ಇರುವ ಈ ವ್ಯತ್ಯಾಸವನ್ನು ಮರೆತರೆ ದಾರಿ ತಪ್ಪುತ್ತದೆ. ಒಲೆಯಿಂದ ಸಿಡಿದ ಕಿಡಿ ಅನ್ನದ ಹಂಡೆಗಿಂತ ಬಿಸಿ, ಆದರೆ ಅಂಗೈ ಸುಡುವುದು ಹಂಡೆ. ಸಹಜೀವಿ ನಕ್ಷತ್ರಗಳ ಬಿಸಿ ಭಾಗ ಕಿಡಿಯಲ್ಲ. ಅದು ನೂರಾರು ಸೂರ್ಯರಷ್ಟು, ಕೆಲವು ಕಡೆ ಸಾವಿರ ಸೂರ್ಯರಷ್ಟು ಶಕ್ತಿಯನ್ನು ಹೊರಚೆಲ್ಲುತ್ತದೆ. ದೈತ್ಯನ ಜತೆಗೆ ಹೆಗಲೆಣೆಯಾಗಿ ನಿಲ್ಲುವಷ್ಟು. ಇದು ಖಚಿತವಾದದ್ದು 1978ರಲ್ಲಿ ಹಾರಿಸಿದ ಅತಿನೇರಿಳೆ ಉಪಗ್ರಹದಿಂದ. ನೆಲಕ್ಕೆ ತಲುಪದ ಆ ಕಿರಣಗಳಲ್ಲಿ ನೋಡಿದಾಗ ಹಲವು ಸಹಜೀವಿ ನಕ್ಷತ್ರಗಳ ಬೆಳಕು, ತರಂಗಾಂತರ ಕಿರಿದಾದಂತೆ ಏರುತ್ತಲೇ ಹೋಯಿತು. ತೆಳು ಹೊದಿಕೆಯ ಬೆಳಕು ಹಾಗೆ ಏರುವುದಿಲ್ಲ. ಕಾದು ಉರಿಯುವ ಪುಟ್ಟ ಗೋಳದ ಬೆಳಕು ಹಾಗೆ ಏರುತ್ತದೆ. ಒಂಟಿ ನಕ್ಷತ್ರದ ವಾದ ಇಲ್ಲಿಗೆ ಉಸಿರು ಕಳೆದುಕೊಂಡಿತು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಅನುಮಾನ ಉಳಿಯುತ್ತದೆ. ಎರಡು ನಕ್ಷತ್ರಗಳೇ ಇರಬಹುದು, ಆದರೆ ಒಂದು ಹತ್ತಿರ, ಇನ್ನೊಂದು ಎಷ್ಟೋ ದೂರ, ನಮ್ಮ ಕಣ್ಣಿಗೆ ಮಾತ್ರ ಒಂದೇ ಸಾಲಿನಲ್ಲಿ ಬಿದ್ದಿರಬಹುದಲ್ಲ? ಇದಕ್ಕೆ ಚಲನೆಯೇ ಉತ್ತರ ಹೇಳಬೇಕು. ನಮ್ಮ ಕಡೆಗೆ ಬರುವ ಬೆಳಕಿನ ಗೆರೆ ನೀಲಿಯತ್ತ, ದೂರ ಸರಿಯುವ ಬೆಳಕಿನ ಗೆರೆ ಕೆಂಪಿನತ್ತ ತುಸು ಜರುಗುತ್ತದೆ. ಟಿ ಕರೋನಾ ಬೊರಿಯಾಲಿಸ್‌ನ ಕೆಂಪು ದೈತ್ಯನ ಗೆರೆಗಳು ಹೀಗೆ ಅತ್ತಿತ್ತ ತೂಗುವುದು 1940ರ ದಶಕದ ಕೊನೆಗೆ ಗೊತ್ತಾಗಿತ್ತು. 1958ರಲ್ಲಿ ರಾಬರ್ಟ್ ಕ್ರಾಫ್ಟ್ ಬಿಸಿ ಭಾಗದ ಗೆರೆಗಳೂ ತೂಗುವುದನ್ನು, ಅದೂ ದೈತ್ಯ ನಮ್ಮತ್ತ ಬರುವಾಗ ಇವು ಅತ್ತ ಹೋಗುವಂತೆ ತೂಗುವುದನ್ನು ತೋರಿಸಿದರು. ಒಂದು ಸುತ್ತಿಗೆ 227.6 ದಿನ. ಬಾವಿಯ ರಾಟೆಗೆ ಕಟ್ಟಿದ ಎರಡು ಕೊಡಗಳಲ್ಲಿ ಒಂದು ಏರಿದಾಗ ಇನ್ನೊಂದು ಇಳಿಯುವುದು ಕಾಕತಾಳೀಯವಲ್ಲ. ನಡುವೆ ಹಗ್ಗ ಇದೆ. ಇಲ್ಲಿಯ ಹಗ್ಗ ಗುರುತ್ವ. ಜತೆಗೆ ಈ ನಕ್ಷತ್ರದ ಹೊಳಪು ಪ್ರತಿ ಸುತ್ತಿನಲ್ಲೂ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಜತೆಗಾರನ ಎಳೆತಕ್ಕೆ ದೈತ್ಯನ ಮೈ ಗುಂಡಗೆ ಉಳಿಯದೆ ಒಂದು ಕಡೆಗೆ ಜಗ್ಗಿದೆ. ಪಕ್ಕದಿಂದ ಕಂಡಾಗ ಅಗಲ, ತುದಿಯಿಂದ ಕಂಡಾಗ ಕಿರಿದು. ಸಿಐ ಸಿಗ್ನಿ ಎಂಬ ಇನ್ನೊಂದು ಜೋಡಿಯಲ್ಲಂತೂ 855 ದಿನಕ್ಕೊಮ್ಮೆ ಗ್ರಹಣವೇ ಆಗುತ್ತದೆ: ದೈತ್ಯ ಅಡ್ಡ ಬಂದಾಗ ಬಿಸಿಯ ಗುರುತಾದ ಹೀಲಿಯಂ ಗೆರೆ ಕುಗ್ಗುತ್ತದೆ, ತಂಪಿನ ಗುರುತಾದ ಪಟ್ಟೆಗಳು ಹಾಗೆಯೇ ಉಳಿಯುತ್ತವೆ.

ಚಲನೆಯ ಸಾಕ್ಷಿಯನ್ನು ಎಚ್ಚರಿಕೆಯಿಂದ ಬಳಸಬೇಕು ಎಂಬುದನ್ನೂ ಒಪ್ಪಿಕೊಳ್ಳಲೇಬೇಕು. ಕೆಂಪು ದೈತ್ಯಗಳು ಸ್ವಭಾವತಃ ಉಬ್ಬಿ ಇಳಿಯುವ ನಕ್ಷತ್ರಗಳು. ಮೈ ಉಬ್ಬುವಾಗ ಅದರ ಗೆರೆಗಳು ನೀಲಿಯತ್ತ ಜರುಗಿ, ಕಕ್ಷೆಯಲ್ಲಿ ಸುತ್ತುತ್ತಿರುವಂತೆ ನಟಿಸಬಲ್ಲವು. ಸಿಎಚ್ ಸಿಗ್ನಿ ಎಂಬ ಹತ್ತಿರದ ಸಹಜೀವಿ ನಕ್ಷತ್ರದಲ್ಲಿ 756 ದಿನಗಳ ತೂಗಾಟವೂ ಇದೆ, ಹದಿನೈದೂವರೆ ವರ್ಷಗಳ ತೂಗಾಟವೂ ಇದೆ. ಯಾವುದು ಕಕ್ಷೆ, ಯಾವುದು ಉಸಿರಾಟ ಎಂದು ವಿಜ್ಞಾನಿಗಳು ದಶಕಗಳ ಕಾಲ ಜಗಳವಾಡಿದರು, ಮೂರನೆಯ ನಕ್ಷತ್ರವೇ ಇದೆ ಎಂದವರೂ ಇದ್ದರು. ಆದ್ದರಿಂದ ಒಂದು ನಕ್ಷತ್ರದ ತೂಗಾಟ ಮಾತ್ರ ಗೊತ್ತಿರುವಲ್ಲಿ ಜೋಡಿ ಎಂದು ತೀರ್ಪು ಕೊಡುವುದು ಅವಸರ. ಇಬ್ಬರೂ ವಿರುದ್ಧ ದಿಕ್ಕಿನಲ್ಲಿ ತೂಗಬೇಕು, ಇಲ್ಲವೇ ಗ್ರಹಣವಾಗಬೇಕು, ಇಲ್ಲವೇ ಬೇರೆ ಬಗೆಯ ಸಾಕ್ಷಿ ಬರಬೇಕು.

ಆ ಬೇರೆ ಬಗೆಯ ಸಾಕ್ಷಿ ಬಂದ ದಾರಿ ನಮಗೆ ಆಪ್ತವಾದದ್ದು. ಅನೇಕ ಸಹಜೀವಿ ನಕ್ಷತ್ರಗಳ ರೋಹಿತದ ಕೆಂಪು ಭಾಗದಲ್ಲಿ, 682.5 ನ್ಯಾನೊಮೀಟರಿನಲ್ಲೊಂದು, 708.2ರಲ್ಲೊಂದು, ಅಗಲವಾದ ಎರಡು ಹೊಳಪಿನ ಗೆರೆಗಳಿದ್ದವು. ಯಾವ ಧಾತುವಿನ ಪಟ್ಟಿಯಲ್ಲೂ ಅವಕ್ಕೆ ಜಾಗವಿರಲಿಲ್ಲ. ದಶಕಗಳ ಕಾಲ ಅವು ಹೆಸರಿಲ್ಲದ ಗೆರೆಗಳಾಗಿ ಉಳಿದವು. 1989ರಲ್ಲಿ ಹಾನ್ಸ್ ಮಾರ್ಟಿನ್ ಶ್ಮಿಡ್ ಇದು ರಾಮನ್ ಚದುರಿಕೆ ಎಂದು ಗುರುತಿಸಿದರು. ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡದ್ದು ಇಷ್ಟು: ದ್ರವದ ಮೂಲಕ ಹಾದುಬಂದ ಬೆಳಕಿನ ಒಂದು ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ, ಏಕೆಂದರೆ ಅಣು ತನ್ನ ಪಾಲಿನ ಶಕ್ತಿಯನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಬಿಟ್ಟುಕೊಡುತ್ತದೆ. 1933ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿಯೇ ಸಂಸ್ಥೆ ಕಟ್ಟಿ, 1970ರಲ್ಲಿ ಇಲ್ಲಿಯೇ ತೀರಿಕೊಂಡ ರಾಮನ್ ಅವರಿಗೆ ತಮ್ಮ ಪರಿಣಾಮ ನಕ್ಷತ್ರಗಳಲ್ಲೂ ನಡೆಯುತ್ತಿದೆ ಎಂಬ ಈ ಸುದ್ದಿ ಕೇಳುವ ಯೋಗ ಬರಲಿಲ್ಲ.

ನಕ್ಷತ್ರದಲ್ಲಿ ಈ ವ್ಯವಹಾರ ಹೇಗೆ ನಡೆಯುತ್ತದೆಂದು ತುಸು ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ವಿಷಯದಲ್ಲಿ ಇಷ್ಟು ಸೊಗಸಾದ ಪುರಾವೆ ಬೇರೊಂದಿಲ್ಲ. ಶ್ವೇತ ಕುಬ್ಜದ ಸುತ್ತ, ಐದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಇದೆ. ಐದನೆಯದನ್ನು ಕೀಳುವುದಕ್ಕೇ 114 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಷ್ಟು ಉಗ್ರವಾದ ಬಿಸಿಯ ಗುರುತು ಅದು. ಈ ಆಮ್ಲಜನಕ 103.2 ನ್ಯಾನೊಮೀಟರಿನ ಅತಿನೇರಿಳೆ ಬೆಳಕನ್ನು ಬಿಡುತ್ತದೆ. ಅದರ ಪ್ರತಿ ಕಣದಲ್ಲೂ 12 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಆ ಕಣ ಹೋಗಿ ಕೆಂಪು ದೈತ್ಯನ ಸುತ್ತಲಿನ ತಣ್ಣನೆಯ ಹೈಡ್ರೊಜನ್ ಪರಮಾಣುವಿಗೆ ತಾಕುತ್ತದೆ. ಪರಮಾಣು 10.2 ಎಲೆಕ್ಟ್ರಾನ್ ವೋಲ್ಟನ್ನು ತಾನು ಉಳಿಸಿಕೊಂಡು 1.8ನ್ನು ಹಿಂದಿರುಗಿಸುತ್ತದೆ. ಆ 1.8ರ ಬೆಳಕೇ 682.5 ನ್ಯಾನೊಮೀಟರಿನ ಕೆಂಪು ಗೆರೆ. ಆಮ್ಲಜನಕದ ಇನ್ನೊಂದು ಗೆರೆಗೆ ಇದೇ ಲೆಕ್ಕ ಹಿಡಿದರೆ 708.2 ಬರುತ್ತದೆ. ಲೆಕ್ಕ ಪೈಸೆ ಪೈಸೆಗೂ ತಾಳೆಯಾಗುತ್ತದೆ. ಗೆರೆಗಳು ಯಾಕೆ ಅಷ್ಟು ಅಗಲ ಎಂಬುದಕ್ಕೂ ಇದೇ ಕಾರಣ: ಮೂಲ ಬೆಳಕಿನಲ್ಲಿದ್ದ ಚಲನೆಯ ಸಣ್ಣ ಹರಡು ಈ ಪರಿವರ್ತನೆಯಲ್ಲಿ ಆರೂವರೆ ಪಟ್ಟು ಹಿಗ್ಗುತ್ತದೆ. ಈಗ ಯೋಚಿಸಿ ನೋಡಿ. ಈ ಒಂದು ಗೆರೆ ಹುಟ್ಟಬೇಕಾದರೆ ಲಕ್ಷ ಡಿಗ್ರಿಯ ಉರಿಯೂ ಬೇಕು, ಅದರ ಪಕ್ಕದಲ್ಲೇ ಉರಿ ತಾಕದೆ ಉಳಿದ ದಟ್ಟವಾದ ತಣ್ಣನೆಯ ಹೈಡ್ರೊಜನ್ನೂ ಬೇಕು. ಇಂಥ ನೆರೆಹೊರೆ ಸಹಜೀವಿ ನಕ್ಷತ್ರಗಳನ್ನು ಬಿಟ್ಟರೆ ಬಹಳ ಅಪರೂಪ. ಅದಕ್ಕೇ ಈ ಗೆರೆ ಕಂಡ ನಕ್ಷತ್ರವನ್ನು ಹೆಚ್ಚು ವಿಚಾರಣೆಯಿಲ್ಲದೆ ಈ ಗುಂಪಿಗೆ ಸೇರಿಸುವ ರೂಢಿ ಬಂತು. ಚದುರಿದ ಬೆಳಕು ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಕಂಪನಕ್ಕೆ ಒಂದು ದಿಕ್ಕು ಇರುತ್ತದೆ. ಕಕ್ಷೆಯಲ್ಲಿ ಜೋಡಿ ಸುತ್ತಿದಂತೆ ಆ ದಿಕ್ಕೂ ತಿರುಗುತ್ತದೆ. ಉರಿಯೂ ತಂಪೂ ಒಂದೇ ನಕ್ಷತ್ರದ ಒಂದರ ಮೇಲೊಂದು ಪದರಗಳಾಗಿದ್ದರೆ ತಿರುಗಲು ಕಾರಣವೇ ಇರಲಿಲ್ಲ.

ಎರಡು ಇವೆ ಎಂದಮೇಲೆ ಅವುಗಳ ನಡುವಿನ ಕೊಡುಕೊಳ್ಳುವಿಕೆ ಏನು? ದೈತ್ಯನಿಂದ ಕುಬ್ಜಕ್ಕೆ ಅನಿಲ ಹೋಗಲು ಎರಡು ದಾರಿ. ಕೆರೆ ತುಂಬಿ ಕೋಡಿ ಬಿದ್ದಾಗ ನೀರು ಎಲ್ಲಿ ಬೇಕಾದಲ್ಲಿ ಹರಿಯದೆ ಕೋಡಿಯಲ್ಲೇ ಹರಿಯುತ್ತದೆ. ಹಾಗೆ ದೈತ್ಯನ ಮೈ ತನ್ನ ಗುರುತ್ವದ ಎಲ್ಲೆ ತುಂಬುವಷ್ಟು ಉಬ್ಬಿದರೆ, ಎರಡು ನಕ್ಷತ್ರಗಳ ನಡುವಿನ ಒಂದೇ ಬಿಂದುವಿನಿಂದ ಅನಿಲ ಕುಬ್ಜದ ಕಡೆಗೆ ಇಳಿಯುತ್ತದೆ. ಟಿ ಕರೋನಾ ಬೊರಿಯಾಲಿಸ್ ಈ ಬಗೆಯದು. ಬಹುಪಾಲು ಸಹಜೀವಿಗಳಲ್ಲಿ ನಡೆಯುವುದು ಇನ್ನೊಂದು: ಕಣದಲ್ಲಿ ಜೋಳ ತೂರುವಾಗ ಹೊಟ್ಟು ಗಾಳಿಗೆ ಹಾರಿ ಎಲ್ಲ ಕಡೆ ಹೋಗಿ, ಅದರಲ್ಲೊಂದಿಷ್ಟು ಪಕ್ಕದ ರಾಶಿಯ ಮೇಲೆ ಬೀಳುವಂತೆ. ದೈತ್ಯ ತನ್ನ ಮೈಯನ್ನು ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದ ಮಂದ ಗಾಳಿಯಾಗಿ ಸದಾ ತೂರುತ್ತಿರುತ್ತದೆ. ಸಾಮಾನ್ಯ ಸಹಜೀವಿಯಲ್ಲಿ ಮೂವತ್ತು ವರ್ಷಕ್ಕೆ ಒಂದು ಭೂಮಿಯ ತೂಕದಷ್ಟು. ಕುಬ್ಜಕ್ಕೆ ದಕ್ಕುವುದು ಅದರಲ್ಲಿ ಅಲ್ಪ. ಉಳಿದದ್ದು ಇಬ್ಬರನ್ನೂ ಸುತ್ತುವರಿದು, ಕುಬ್ಜದ ಕಿರಣಗಳಿಗೆ ಹೊಳೆಯುವ ನೀಹಾರಿಕೆಯಾಗುತ್ತದೆ.

ಈ ಗಾಳಿ ನಿಜವಾಗಿಯೂ ಅಲ್ಲಿದೆ ಎಂಬುದನ್ನು ಆರ್‌ಎಸ್ ಒಫಿಯೂಕಿ ಎಂಬ ಜೋಡಿ ಸ್ಫೋಟಗಳಿಂದಲೇ ಸಾರಿದೆ. ಉರಗಧರ ಪುಂಜದ ಈ ನಕ್ಷತ್ರ 1898, 1933, 1958, 1967, 1985, 2006, 2021ರಲ್ಲಿ ಸಿಡಿಯಿತು. ಕುಬ್ಜದ ಮೇಲೆ ಕೂಡಿದ ಹೈಡ್ರೊಜನ್ ತನ್ನದೇ ಒತ್ತಡಕ್ಕೆ ಕಾದು ಒಮ್ಮೆಲೇ ಬೈಜಿಕ ಬೆಂಕಿಯಾಗಿ ಹೊತ್ತಿಕೊಳ್ಳುವುದೇ ಈ ಸಿಡಿತ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಎಸೆದ ಅನಿಲ ಬಯಲಿನಲ್ಲಿ ಹೊರಟಿದ್ದರೆ ಬಹಳ ಕಾಲ ಅದೇ ವೇಗದಲ್ಲಿ ಹೋಗಬೇಕಿತ್ತು. ಇಲ್ಲಿ ಕೆಲವೇ ದಿನಗಳಲ್ಲಿ ವೇಗ ಕುಗ್ಗಿತು. ಎದುರಿಗೆ ದೈತ್ಯನ ಗಾಳಿ ಅಡ್ಡ ನಿಂತಿತ್ತು. 1985ರ ಸ್ಫೋಟದ ರೋಹಿತಗಳನ್ನು ತಮಿಳುನಾಡಿನ ಕಾವಲೂರಿನಿಂದ ಭಾರತೀಯ ಖಭೌತ ಸಂಸ್ಥೆಯ ಜಿ.ಸಿ. ಅನುಪಮಾ ಮತ್ತು ಟಿ.ಪಿ. ಪ್ರಭು ಅಭ್ಯಾಸ ಮಾಡಿದರು. ಆ ಡಿಕ್ಕಿಯಲ್ಲಿ ಕಾದ ಅನಿಲ, ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ 530.3 ನ್ಯಾನೊಮೀಟರಿನ ಹಸಿರು ಗೆರೆಯನ್ನು ಹೊರಡಿಸುತ್ತದೆ. ಗ್ರಹಣದಲ್ಲಿ ಕಾಣುವ ಸೂರ್ಯನ ಪ್ರಭಾವಲಯದ ಹೆಸರಾಂತ ಗೆರೆಯೂ ಇದೇ. ಒಂಟಿ ನಕ್ಷತ್ರದ ವಾದಿಗಳು ಹುಡುಕುತ್ತಿದ್ದ ಪ್ರಭಾವಲಯ ಇಲ್ಲಿ ಸಿಕ್ಕಿತು ಎನ್ನಬಹುದು, ಆದರೆ ಅದು ಹುಟ್ಟಿದ್ದು ಇಬ್ಬರ ನಡುವಿನ ಡಿಕ್ಕಿಯಿಂದ. 2006ರಲ್ಲಿ ಪುಣೆಯ ಬಳಿಯ ದೈತ್ಯ ಮೀಟರ್ ತರಂಗ ರೇಡಿಯೊ ದೂರದರ್ಶಕ ಈ ನಕ್ಷತ್ರದ ಸ್ಫೋಟವನ್ನು ಕಡಿಮೆ ಆವರ್ತಾಂಕದ ರೇಡಿಯೊ ಅಲೆಗಳಲ್ಲಿ ಹಿಡಿಯಿತು. 2021ರ ಆಗಸ್ಟಿನ ಸ್ಫೋಟದಿಂದ ಅತಿ ಹೆಚ್ಚು ಶಕ್ತಿಯ ಗಾಮಾ ಕಿರಣಗಳು ಬಂದವು. ಅಂಥ ಕಿರಣಗಳು ಒಂದು ನೋವಾದಿಂದ, ಅಂದರೆ ಇಂಥ ಸಿಡಿತದಿಂದ, ಸಿಕ್ಕಿದ್ದು ಅದೇ ಮೊದಲು. ಇಂಥ ಸ್ಫೋಟಗಳ ಬೆನ್ನು ಹಿಡಿಯುವ ಲಡಾಖಿನ ಹಾನ್ಲೆಯ ಎರಡು ಮೀಟರ್ ಚಂದ್ರ ದೂರದರ್ಶಕವನ್ನು ನಡೆಸುವ ಕೋಣೆ ಇರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ.

ಮತ್ತೆ ಕಿರೀಟದ ಚುಕ್ಕಿಗೆ ಬರೋಣ. ಅದು 1866ರ ಮೇ ತಿಂಗಳಲ್ಲಿ ಒಮ್ಮೆ, 1946ರ ಫೆಬ್ರವರಿಯಲ್ಲಿ ಒಮ್ಮೆ ಸಿಡಿದು, ಸಾಮಾನ್ಯಕ್ಕಿಂತ ಒಂದೂವರೆ ಸಾವಿರ ಪಟ್ಟು ಹೊಳೆದು, ಧ್ರುವ ನಕ್ಷತ್ರದಷ್ಟು ಕಾಂತಿಗೆ ಏರಿತ್ತು; ವಾರದೊಳಗೆ ಬರಿಗಣ್ಣಿಗೆ ಮರೆಯಾಯಿತು. 1946ರಲ್ಲಿ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಆ ಸಂಸ್ಥಾನಕ್ಕೆ ನಿಜಾಮಿಯಾ ಎಂಬ ತನ್ನದೇ ವೀಕ್ಷಣಾಲಯವಿತ್ತು. ಅಲ್ಲಿ ಹೊಳಪು ಬದಲಿಸುವ ನಕ್ಷತ್ರಗಳನ್ನು ನೋಡಿ ದಾಖಲಿಸುವ ಪರಿಪಾಠವಿತ್ತು. ಅಲ್ಲಿಯ ಸಹಾಯಕರೊಬ್ಬರ ಮಗ ವೇಣು ಬಾಪು ಮುಂದೆ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದರು. 1866ಕ್ಕೆ 80 ಕೂಡಿಸಿದರೆ 1946, ಅದಕ್ಕೆ 80 ಕೂಡಿಸಿದರೆ 2026. ಎರಡೇ ಸ್ಫೋಟಗಳ ನಡುವಿನ ಒಂದೇ ಅಂತರವನ್ನು ನಿಯಮವೆಂದು ಕರೆಯುವುದು ತಪ್ಪು ಎಂದು ಯಾರಾದರೂ ಹೇಳಿದರೆ ಅವರ ಮಾತು ಸರಿ. 1217ರಲ್ಲೂ 1787ರಲ್ಲೂ ಅದು ಸಿಡಿದಿತ್ತು ಎಂದು ಬ್ರಾಡ್ಲಿ ಶೇಫರ್ ಹಳೆಯ ಬರಹಗಳ ಆಧಾರದಿಂದ ವಾದಿಸಿದ್ದಾರೆ. ಆ ವಾದ ಆಕರ್ಷಕ, ಆದರೆ ರೋಹಿತದ ಸಾಕ್ಷಿಗೆ ಇರುವ ಬಲ ಅದಕ್ಕಿಲ್ಲ. ಮುಂದಿನ ಸ್ಫೋಟದ ನಿರೀಕ್ಷೆಗೆ ಇನ್ನೂ ಗಟ್ಟಿಯಾದ ಆಧಾರ ಬೇರೆ ಇದೆ. 1946ಕ್ಕೆ ಮುಂಚಿನ ಕೆಲವು ವರ್ಷ ಈ ಜೋಡಿ ಎಂದಿಗಿಂತ ಹೆಚ್ಚು ಹೊಳೆದಿತ್ತು, ಅಂದರೆ ಕೋಡಿಯ ನೀರು ಜೋರಾಗಿತ್ತು; ಆಮೇಲೆ ಸ್ಫೋಟಕ್ಕೆ ತುಸು ಮುಂಚೆ ಮಂಕಾಗಿತ್ತು. 2015ರಿಂದ ಅಂಥದೇ ಹೆಚ್ಚಿನ ಹೊಳಪು, 2023ರಲ್ಲಿ ಅಂಥದೇ ಮಂಕು ಕಂಡುಬಂತು. ಇಷ್ಟರ ಮೇಲೂ ದಿನಾಂಕ ಹೇಳುವುದು ಸಾಧ್ಯವಿಲ್ಲ. ಇಂಥ ರಾತ್ರಿಯೇ ಸಿಡಿಯುತ್ತದೆ ಎಂದು ಬರೆದ ಸುದ್ದಿಗಳು ಜನರ ಕುತೂಹಲವನ್ನು ಬೆಳೆಸಲಿಲ್ಲ, ದಣಿಸಿದವು.

ಹೆಸರಿನ ಬಗ್ಗೆಯೂ ಒಂದು ತಕರಾರು ಇದೆ. ತೊಗರಿಯ ಬೇರಿನ ಗಂಟುಗಳಲ್ಲಿ ಬಾಳುವ ಸೂಕ್ಷ್ಮಾಣು ಗಿಡಕ್ಕೆ ಸಾರಜನಕ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಸಹಜೀವನ. ಇಲ್ಲಿ ದೈತ್ಯ ಕೊಡುತ್ತದೆ, ಕುಬ್ಜ ತೆಗೆದುಕೊಂಡು ಬೆಂಕಿ ಉಗುಳುತ್ತದೆ; ಪರಾವಲಂಬಿ ಎನ್ನಬಾರದೇಕೆ ಎಂದು ಕೇಳುವವರುಂಟು. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಮುಪ್ಪಿನ ದೈತ್ಯ ಜತೆಗಾರ ಇರಲಿ ಬಿಡಲಿ ತನ್ನ ಮೈಯನ್ನು ಗಾಳಿಗೆ ತೂರಿಯೇ ತೀರುತ್ತದೆ. ಕುಬ್ಜ ಕಿತ್ತುಕೊಳ್ಳುವುದಕ್ಕಿಂತ ತಾನಾಗಿ ಬಂದು ಬೀಳುವುದೇ ಹೆಚ್ಚು. ಕೋಡಿ ಬಿದ್ದ ಟಿ ಕರೋನಾ ಬೊರಿಯಾಲಿಸ್‌ನಲ್ಲೂ ದೈತ್ಯ ಉಬ್ಬಿದ್ದು ತನ್ನ ವಯಸ್ಸಿನಿಂದಲೇ. ಮೇಲಾಗಿ ಕುಬ್ಜವೂ ಒಂದು ಕಾಲಕ್ಕೆ ದೈತ್ಯನಾಗಿದ್ದದ್ದೇ. ಆಗ ಅದು ತೂರಿದ ಅನಿಲದ ಒಂದು ಪಾಲು ಈಗಿನ ದೈತ್ಯನ ಮೇಲೂ ಬಿದ್ದಿರಬೇಕು. ಮೆರಿಲ್ ಆ ಪದವನ್ನು ಬಳಸಿದ್ದು ಲಾಭನಷ್ಟದ ಲೆಕ್ಕಕ್ಕಲ್ಲ, ಕೂಡಿ ಇರಲಾರದ ಎರಡು ಗುಣಗಳು ಕೂಡಿ ಇವೆ ಎಂಬ ಕಂಡ ಸಂಗತಿಗೆ. ಕಂಡದ್ದನ್ನು ಹೇಳುವ ಹೆಸರಾಗಿ ಅದು ಇಂದಿಗೂ ಸರಿಯಾಗಿದೆ.

2000ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಖಚಿತವಾದ ಸಹಜೀವಿ ನಕ್ಷತ್ರಗಳು 188 ಮಾತ್ರ. ಅಷ್ಟು ವಿರಳವಾದವುಗಳಲ್ಲಿ ಒಂದು ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತದೆ. ಶಕ್ತಿನಗರದ ಮತ್ತು ಪೇಟೆಯ ದೀಪಗಳಿಂದ ದೂರವಿರುವ ದೇವದುರ್ಗ, ಮಾನ್ವಿಯ ಹಳ್ಳಿಗಳ ಆಕಾಶ ಇನ್ನೂ ಕಪ್ಪಾಗಿದೆ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಸುಕಿನಲ್ಲಿ, ಮೇಯಲ್ಲಿ ನಡುರಾತ್ರಿ, ಜುಲೈಯಲ್ಲಿ ಮೋಡ ಬಿಟ್ಟ ರಾತ್ರಿ ಒಂಬತ್ತರ ಸುಮಾರಿಗೆ, ಸ್ವಾತಿಯಿಂದ ಅಭಿಜಿತ್ ಕಡೆಗೆ ಕಣ್ಣು ಹಾಯಿಸಿ ಆ ಅರ್ಧ ಬಳೆಯನ್ನು ಗುರುತು ಮಾಡಿಕೊಳ್ಳಿ. ಏಳು ಚುಕ್ಕಿಗಳು ಹೇಗಿವೆ ಎಂಬುದು ಮನಸ್ಸಿಗೆ ಅಂಟಿಕೊಳ್ಳುವವರೆಗೆ ನೋಡಿ. ಬಳೆಯ ಪೂರ್ವದ ತುದಿಯ ಪಕ್ಕದಲ್ಲಿ ಯಾವತ್ತಾದರೂ ಎಂಟನೆಯ ಚುಕ್ಕಿ ಕಂಡರೆ ದಿನಾಂಕವನ್ನೂ ಗಂಟೆಯನ್ನೂ ಬರೆದಿಡಿ. ಆ ಬೆಳಕು ಅಲ್ಲಿಂದ ಹೊರಟಾಗ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಇನ್ನೂ ಕೊರೆದಿರಲಿಲ್ಲ.